ಕನ್ನಡಿಯ ಮೇಲಿನ ಮೂರು ಬೆರಳು

ಮೂರು ಕಾಲಿನ ಸ್ಟ್ಯಾಂಡು ಬಿಚ್ಚಿ ನಿಲ್ಲಿಸಲು ಸಂಜೀವಕುಮಾರನಿಗೆ ಕಾಲು ತಾಸು ಹಿಡಿಯಿತು.

ವಿಜಯಶ್ರೀ ಕೈಕಟ್ಟಿ ನಿಂತು ನೋಡುತ್ತಿದ್ದಳು. ನಡುವೆ ಒಂದು ಕಾಲು ಜಾರಿ ದುರ್ಬೀನು ವಾಲಿದಾಗಲೂ ಹಿಡಿಯಲು ಮುಂದೆ ಹೋಗಲಿಲ್ಲ. ಕತ್ತಲಲ್ಲಿ ಒಬ್ಬನೇ ನಿಂತು ಇಪ್ಪತ್ತೆರಡು ಫೋಟೋ ತೆಗೆದೆನೆಂದು ಪೊಲೀಸರಿಗೆ ಬರೆದುಕೊಟ್ಟ ಮನುಷ್ಯ ಇವನು. ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಅವನಿಗೆ ತನ್ನದೇ ದುರ್ಬೀನಿನ ತಿರುಪು ಯಾವ ಕಡೆಗೆ ತಿರುಗುತ್ತದೆಂದು ಗೊತ್ತಾಗುತ್ತಿರಲಿಲ್ಲ. ನೋಡುತ್ತ ನೋಡುತ್ತ ಅವಳ ಕಿವಿಗಳು ಬಿಸಿಯಾಗತೊಡಗಿದವು.

“ಹೊಸಾದು ಕಾಣಸ್ತೈತಿ,” ಎಂದಳು.

“ಜ್ವಾಕಿಲೆ ಇಟ್ಟೇನ್ರಿ,” ಎಂದ ಸಂಜೀವಕುಮಾರ. “ಕೆಲವ್ರ ಹಂಗ ಸಾಮಾನು ಹೊಲಸ ಮಾಡಿ ಇಡೂದಿಲ್ಲ ನಾ.”

ಹತ್ತು ದಿನಗಳ ಹಿಂದೆ, ಗುರುವಾರ ರಾತ್ರಿ, ಸಿಂದಗಿಯ ಈ ಕಾಲೇಜಿನ ಇದೇ ಮಾಳಿಗೆಯಿಂದ ಫಿಜಿಕ್ಸ್ ಮಾಸ್ತರರಾದ ರಾಚಪ್ಪ ಬಿದ್ದು ಸತ್ತಿದ್ದರು; ಅವರನ್ನು ನೂಕಿದ ಆರೋಪದ ಮೇಲೆ ಅವರ ಹಳೆಯ ವಿದ್ಯಾರ್ಥಿನಿ, ಇಪ್ಪತ್ಮೂರು ವರ್ಷದ ಪ್ರಜ್ಞಾ ಜೈಲು ಸೇರಿದ್ದಳು.

ಅವಳ ತಾಯಿ ಗುಂಡವ್ವ ಮುದ್ದೇಬಿಹಾಳದಿಂದ ಮೊದಲ ಬಸ್ಸಿಗೆ ಬಂದು ಮಾಳಿಗೆಯ ಬಾಗಿಲಲ್ಲಿ ಕೂತಿದ್ದಳು. ತೊಡೆಯ ಮೇಲೆ ಒಂದು ಬುತ್ತಿಗಂಟು. ನಿನ್ನೆ ಜೈಲಿನ ಬಾಗಿಲಿನಿಂದ ತಿರುಗಿ ಬಂದ ಗಂಟು ಅದು. ಮಗಳಿಗೆಂದು ತಟ್ಟಿದ ರೊಟ್ಟಿಯನ್ನು ತಾನು ಬಿಚ್ಚಲೂ ಇಲ್ಲ, ಯಾರಿಗೂ ಕೊಡಲೂ ಇಲ್ಲ. ನಾಲತವಾಡದ ಸರಕಾರಿ ಶಾಲೆಯಲ್ಲಿ ಪ್ರಜ್ಞಾ ಶಿಕ್ಷಕಿಯಾಗಿ ಒಂದೂವರೆ ವರ್ಷ. ಅವರ ಮನೆತನದಲ್ಲಿ ಸರಕಾರಿ ನೌಕರಿ ಹಿಡಿದವಳು ಅವಳೊಬ್ಬಳೇ. ನಾಳೆ ಬಿಜಾಪುರದ ಕೋರ್ಟಿನಲ್ಲಿ ಜಾಮೀನಿನ ಅರ್ಜಿ ಬರುವುದಿತ್ತು. ಅದು ತಿರಸ್ಕಾರವಾದರೆ ಹುಡುಗಿ ಎಷ್ಟು ವರ್ಷ ಒಳಗಿರಬೇಕೋ ಹೇಳುವವರಿಲ್ಲ.

ಇಂಡಿಯಿಂದ ತನಿಖೆಗೆಂದು ಬಂದಿದ್ದ ಸರ್ಕಲ್ ಇನ್ಸ್‌ಪೆಕ್ಟರ್ ಅಬ್ದುಲಗನಿ ನೀರಿನ ಟಾಕಿಯ ನೆರಳಿಗೆ ನಿಂತಿದ್ದರು. ಕಡಿಮೆ ಮಾತಿನ ಮನುಷ್ಯ. ಅವರ ಪಕ್ಕದಲ್ಲಿ ಪ್ರಜ್ಞಾಳ ವಕೀಲ ಬಸಂತರಾಯ. ವಿಜಯಶ್ರೀಯ ತಂದೆಗೆ ಗೆಳೆಯರಾಗಿದ್ದವರು. ಅವಳು ಸಣ್ಣಂದಿನಿಂದ ಕಾಕಾ ಎಂದೇ ಕರೆಯುತ್ತಿದ್ದಳು. ಗುಂಡವ್ವನಿಗೆ ಆ ವಕೀಲರನ್ನು ಗೊತ್ತುಮಾಡಿಕೊಟ್ಟವಳೂ ಅವಳೇ.

ಇನ್ನೊಂದು ಮೂಲೆಯಲ್ಲಿ, ಹಳೆಯ ಜಮಖಾನೆ ಹೊದಿಸಿದ್ದ ಕಾಲೇಜಿನ ದೊಡ್ಡ ದುರ್ಬೀನಿನ ಹತ್ತಿರ, ಜವಾನ ಕಲ್ಮೇಶ ತಲೆ ತಗ್ಗಿಸಿ ನಿಂತಿದ್ದ.

ವಿಜಯಶ್ರೀಗೆ ಬಸ್ ನಿಲ್ದಾಣದ ಎದುರು ಫೋಟೋ ಸ್ಟುಡಿಯೋ ಇತ್ತು. ಪೊಲೀಸರ ಫೋಟೋ ಕೆಲಸವೆಲ್ಲ ಅವಳಲ್ಲಿಗೇ ಬರುತ್ತಿತ್ತು. ಸಂಜೀವಕುಮಾರ ಸಾಕ್ಷಿಯೆಂದು ಒಪ್ಪಿಸಿದ ನೆಗೆಟಿವ್‌ಗಳನ್ನು ದೊಡ್ಡದು ಮಾಡಲು ಅಬ್ದುಲಗನಿ ಅವಳಿಗೇ ಕಳಿಸಿದ್ದರು. ಹೀಗಾಗುತ್ತದೆಂದು ಸಂಜೀವಕುಮಾರ ಎಣಿಸಿರಲಿಲ್ಲ.

ಅವನ ಹೇಳಿಕೆ ಸರಳವಾಗಿತ್ತು. ಗುರುವಾರ ರಾತ್ರಿ ಎಂಟರಿಂದ ಹನ್ನೆರಡರವರೆಗೆ ಬಸವನ ಬಾಗೇವಾಡಿಯ ತನ್ನ ಮನೆಯ ಮಾಳಿಗೆಯ ಮೇಲಿದ್ದೆ. ತನ್ನ ಮಸೂರದ ದುರ್ಬೀನಿಗೆ ಕ್ಯಾಮೆರಾ ಜೋಡಿಸಿ ಚಂದ್ರನನ್ನು ತೆಗೆಯುತ್ತಿದ್ದೆ. ಫೋಟೋದಲ್ಲಿದ್ದವನು ಏಕಾದಶಿಯ ಚಂದ್ರ. ಬೆಳಕು ಕತ್ತಲೆ ಕೂಡುವ ಗೆರೆ ಎಲ್ಲಿದೆಯೆಂದು ವಿಜಯಶ್ರೀ ಮೂರು ಸಲ ತಾಳೆ ನೋಡಿದ್ದಳು. ಅದೇ ರಾತ್ರಿ, ಸುಳ್ಳಲ್ಲ. ಬಾಗೇವಾಡಿಯಲ್ಲಿ ಚಂದ್ರನನ್ನು ಹಿಡಿಯುತ್ತಿದ್ದವನು ಸಿಂದಗಿಯಲ್ಲಿ ಮಾಸ್ತರರನ್ನು ನೂಕಲಾರ. ಆಡಳಿತ ಮಂಡಳಿಯ ಅಧ್ಯಕ್ಷರ ಮಗನಾದ ಸಂಜೀವಕುಮಾರ ಪ್ರಾಕ್ಟಿಕಲ್ ಪರೀಕ್ಷೆಯ ಪ್ರಶ್ನೆಗಳನ್ನು ಮೊದಲೇ ಹೊರಗೆ ಬಿಡುತ್ತಾನೆಂದು ರಾಚಪ್ಪ ವಿಶ್ವವಿದ್ಯಾಲಯಕ್ಕೆ ಬರೆಯುವವರಿದ್ದರೆಂಬುದು ಊರಿಗೇ ಗೊತ್ತಿದ್ದರೂ ಪೊಲೀಸರು ಅವನನ್ನು ಬಿಟ್ಟು ಹುಡುಗಿಯನ್ನು ಹಿಡಿದದ್ದು ಈ ಚಂದ್ರನ ಬಲದಿಂದ.

ಹುಡುಗಿ ಅಂದು ಸಂಜೆ ಇಲ್ಲಿಗೆ ಬಂದದ್ದಾದರೂ ಯಾಕೆ? ದುರ್ಬೀನು ಕೊಳ್ಳುವುದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಲು. ಮೂರು ತಿಂಗಳಿನಿಂದ ಅವಳಿಗೆ ಅದೊಂದೇ ಚಿಂತೆ. ಆಕಾಶದ ಫೋಟೋ ತೆಗೆಯಲು ಹೊಸದಾಗಿ ಕಲಿಯುವವಳು ಮಸೂರದ ರಿಫ್ರಾಕ್ಟರ್ ತೆಗೆದುಕೊಳ್ಳಬೇಕೋ ಕನ್ನಡಿಯ ರಿಫ್ಲೆಕ್ಟರ್ ತೆಗೆದುಕೊಳ್ಳಬೇಕೋ? ರೀಲು ಕೊಳ್ಳಲು ಸ್ಟುಡಿಯೋಕ್ಕೆ ಬಂದಾಗಲೆಲ್ಲ ಈ ಪ್ರಶ್ನೆ ಬಿಚ್ಚುತ್ತಿದ್ದಳು. ರಾಚಪ್ಪ ಕನ್ನಡಿಯ ಕಡೆ. ತಾವೇ ಕೈಯಿಂದ ತಿಕ್ಕಿ ಒಂದೇ ಅಳತೆಯ ಎರಡು ಕನ್ನಡಿ ಮಾಡಿ, ಪುಣೆಯಲ್ಲಿ ಲೇಪ ಹಾಕಿಸಿಕೊಂಡು ಬಂದಿದ್ದರು. ಒಂದು ಕಾಲೇಜಿನ ದುರ್ಬೀನಿಗೆ. ಇನ್ನೊಂದನ್ನು ಅಲಮಾರದಲ್ಲಿಟ್ಟು, ನೀನು ಕನ್ನಡಿಯನ್ನೇ ಆರಿಸಿಕೊಂಡರೆ ಇದು ನಿನಗೆ ಎಂದು ಪ್ರಜ್ಞಾಳಿಗೆ ಹೇಳಿದ್ದರು. ಸಂಜೀವಕುಮಾರ ಮಸೂರದ ಕಡೆ. ಗುರುವಾರ ಎರಡನ್ನೂ ಪಕ್ಕಪಕ್ಕಕ್ಕೆ ಇಟ್ಟು ನೋಡೋಣ, ನಾನೂ ನನ್ನದನ್ನು ತರುತ್ತೇನೆ ಎಂದು ಅವನೇ ಅವಳನ್ನು ಕರೆದಿದ್ದ. ಎಂಟೂವರೆಯವರೆಗೆ ಕಾದರೂ ಅವನು ಬರಲಿಲ್ಲ. ಪ್ರಜ್ಞಾ ಇಳಿದು ಹೋಗುವುದನ್ನು ನಾಲ್ಕು ಜನ ಕಂಡರು. ಅದೇ ಅವಳ ತಪ್ಪಾಯಿತು.

ಸ್ಟ್ಯಾಂಡು ಕೊನೆಗೂ ನಿಂತಿತು.

“ಸಂಜೀವಕುಮಾರ ಅವರ,” ಎಂದಳು ವಿಜಯಶ್ರೀ. ದನಿ ನಡುಗಬಾರದೆಂದು ಒಂದೊಂದೇ ಮಾತು ಇಟ್ಟಳು. “ಕಲಿಯೋರಿಗೆ ಯಾವುದು ಚಲೋ ಅಂತ ಪ್ರಜ್ಞಾಗ ಹೇಳಿದ್ರಿ. ಸಾಹೇಬ್ರಿಗೂ ಒಂದೀಟು ಹೇಳ್ರಿ.”

ಅವನು ಅದಕ್ಕಾಗಿಯೇ ಕಾದಂತಿದ್ದ. ಮಸೂರದ ಕೊಳವೆ ಎರಡೂ ಕಡೆ ಮುಚ್ಚಿರುತ್ತದೆ, ನಮ್ಮ ಕಡೆಯ ಧೂಳಿಗೆ ಅದೇ ಸರಿ ಎಂದ. ಕನ್ನಡಿಯದ್ದಕ್ಕೆ ಬಾಯಿ ತೆರೆದಿರುತ್ತದೆ. ಒಂದು ಸಲ ಜೀಪಿನಲ್ಲಿ ಹಾಕಿಕೊಂಡು ಹೋದರೆ ಕನ್ನಡಿ ಅಲುಗುತ್ತದೆ, ಮತ್ತೆ ಹೊಂದಿಸುವ ತ್ರಾಸು. ಮಸೂರಕ್ಕೆ ಚಂದ್ರನ ಅಂಚಿನಲ್ಲಿ ನೇರಳೆ ಬಣ್ಣ ಕಾಣುತ್ತದೆಂದು ಮಾಸ್ತರರು ದೂರುತ್ತಿದ್ದರು, ಆದರೆ ತುಟ್ಟಿ ಮಸೂರಕ್ಕೆ ಆ ದೋಷ ಇಲ್ಲ. ಪುಸ್ತಕ ಓದಿದಂತೆ ಹೇಳಿದ. ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಅದೂ ಅವಳ ಸಿಟ್ಟನ್ನು ಹೆಚ್ಚಿಸಿತು.

“ಅಂದಮ್ಯಾಲೆ ಈ ರೀಲಿನ್ಯಾಗಿರೂ ಇಪ್ಪತ್ತೆರಡೂ ಇದರಾಗ ತಗದದ್ದ?”

“ಇದರಾಗ ತಗದದ್ದ.”

“ಬ್ಯಾರೆ ಯಾವುದರಾಗೂ ಅಲ್ಲ?”

“ಎಷ್ಟ ಸಲ ಕೇಳ್ತೀರಿ ತಾಯಿ? ಇದರಾಗ.”

“ಬರಕೋರಿ ಸಾಹೇಬ್ರ.”

ಅಬ್ದುಲಗನಿ ಬರೆದುಕೊಂಡರು.

ಅವಳು ಚೀಲದಿಂದ ಒಂದು ಪ್ರಿಂಟು ತೆಗೆದಳು. ರೀಲಿನ ಮೊದಲ ಫೋಟೋ. ಚಂದ್ರನಲ್ಲ, ಒಂದು ಚುಕ್ಕಿ. ಫೋಕಸ್ ಹೊಂದಿಸಿಕೊಳ್ಳಲು ಮೃಗವ್ಯಾಧ ನಕ್ಷತ್ರದಂಥ ಪ್ರಕಾಶದ ಚುಕ್ಕಿಯನ್ನು ಮೊದಲು ಹಿಡಿಯುವುದು ರೂಢಿ. ಮೊದಲ ಮೂರು ಫೋಟೋ ಅದಕ್ಕೇ ಹೋಗಿದ್ದವು. ಫೋಕಸ್ ಪೂರ್ತಿ ತಪ್ಪಿದ್ದರಿಂದ ಚುಕ್ಕಿ ಉಬ್ಬಿ, ಅಂಗೈಯಷ್ಟು ದೊಡ್ಡ ಬಿಳಿಯ ಬಳೆಯಾಗಿತ್ತು. ನಡುವೆ ಕರಿಯ ತೂತು.

“ಇದೂ ನಿಮ್ಮದ?”

“ಹೌದ್ರಿ. ಮೊದಲಿಗೆ ಫೋಕಸ್ ಆಗಿರಲಿಲ್ಲ. ಅದಕ್ಕ ನೆಗೆಟಿವ್ ಕತ್ತರಿಸದ ಹಂಗ ಪೂರ್ತಿ ಕೊಟ್ಟೇನಿ. ಸುಳ್ಳ ಹೇಳೋರು ಕೆಟ್ಟ ಫೋಟೋ ಕೊಡ್ತಾರೇನು?”

ವಿಜಯಶ್ರೀ ಕಲ್ಮೇಶನಿಗೆ ಕಣ್ಣಲ್ಲೇ ಹೇಳಿದಳು. ಅವನು ಬೆಳಿಗ್ಗೆಯೇ ಎದುರಿನ ವಸತಿ ನಿಲಯದ ಕಟ್ಟೆಯ ಮೇಲೆ ಕರಿಯ ಬಟ್ಟೆ ಹಾಸಿ, ಸೈಕಲ್ ಬೇರಿಂಗಿನ ಒಂದು ಉಕ್ಕಿನ ಗುಂಡನ್ನು ಮೇಣದಿಂದ ಅಂಟಿಸಿ ಬಂದಿದ್ದ. ಸೂರ್ಯನ ಬೆಳಕು ಅದರ ಮೇಲೆ ಬಿದ್ದು, ಇಷ್ಟು ದೂರದಿಂದ ಒಂದು ಚುಕ್ಕಿಯೇ ಮಿನುಗಿದಂತೆ ಕಾಣುತ್ತಿತ್ತು. ಹಗಲಲ್ಲಿ ಚುಕ್ಕಿ ಬೇಕಾದಾಗ ರಾಚಪ್ಪ ಮಾಡುತ್ತಿದ್ದ ಉಪಾಯ ಅದು.

ಸಂಜೀವಕುಮಾರನ ದುರ್ಬೀನನ್ನು ಅವಳೇ ಅದಕ್ಕೆ ತಿರುಗಿಸಿ, ಬೇಕೆಂದೇ ಫೋಕಸ್ ತಪ್ಪಿಸಿದಳು.

“ನೋಡ್ರಿ ಸಾಹೇಬ್ರ. ಏನ ಕಾಣಸ್ತೈತಿ?”

ಅಬ್ದುಲಗನಿ ಟೊಪ್ಪಿಗೆ ತೆಗೆದು ಬಗ್ಗಿದರು. ಬಿಳಿಯ ಬಿಲ್ಲೆ, ಎಂದರು. ತೂತು ಇದೆಯೇ ಎಂದಳು. ಇಲ್ಲ, ತುಂಬಿದ ಬಿಲ್ಲೆ, ಎಂದರು. ಫೋಕಸ್ ಇನ್ನೂ ತಪ್ಪಿಸಿದಳು. ಬಿಲ್ಲೆ ದೊಡ್ಡದಾಯಿತು, ತೂತು ಬೀಳಲಿಲ್ಲ.

“ಯಾವಾಗೂ ಬೀಳೂದಿಲ್ರಿ,” ಎಂದಳು. “ಫೋಕಸ್ ತಪ್ಪಿದ ಚುಕ್ಕಿ ದುರ್ಬೀನಿನ ಬಾಯಿ ಹೆಂಗೈತೋ ಹಂಗ ಕಾಣತೈತಿ. ಮಸೂರದ್ದಕ್ಕ ಬಾಯಾಗ ಏನೂ ಅಡ್ಡ ಇಲ್ಲ. ಕನ್ನಡಿದ್ದಕ್ಕ ಬಾಯಿ ನಡುವ ಒಂದು ಸಣ್ಣ ಕನ್ನಡಿ ಕುಂತಿರತೈತಿ. ಅದರ ನೆರಳ ಈ ತೂತು. ಈ ಫೋಟೋ ಇವರ ದುರ್ಬೀನಿನ್ಯಾಗ ತಗದದ್ದಲ್ಲ. ಇವರ ಡಬ್ಬಿ ಅವತ್ತ ಬಿಚ್ಚೇ ಇಲ್ಲ ಅಂತ ನಾ ಹೇಳ್ತೇನಿ.”

ಅಬ್ದುಲಗನಿ ಪ್ರಿಂಟನ್ನೂ ಸಂಜೀವಕುಮಾರನ ಮುಖವನ್ನೂ ಒಂದಾದ ಮೇಲೊಂದು ನೋಡಿದರು.

“ಈಗ ಹೇಳಿದಿರಲ್ರಿ,” ಎಂದರು. “ಬ್ಯಾರೆ ಯಾವುದರಾಗೂ ಅಲ್ಲ ಅಂತ.”

ಸಂಜೀವಕುಮಾರ ತುಟಿ ಸವರಿಕೊಂಡ. ಮರೆತಿದ್ದೆ ಎಂದ. ಮನೆಯಲ್ಲಿ ಒಂದು ಹಳೆಯ ಕನ್ನಡಿ ದುರ್ಬೀನೂ ಇತ್ತು, ಮೊದಲು ಅದರಲ್ಲಿ ಒಂದೆರಡು ತೆಗೆದಿರಬಹುದು ಎಂದ. ಅದು ಈಗ ಎಲ್ಲಿದೆ ಎಂದು ಅಬ್ದುಲಗನಿ ಕೇಳಿದರು. ಚಡಚಣದ ಒಬ್ಬ ಸ್ನೇಹಿತನಿಗೆ ಕೊಟ್ಟೆ ಎಂದ.

“ನಾಚಿಕಿ ಬರೂದಿಲ್ಲೇನು?” ವಿಜಯಶ್ರೀಯ ದನಿ ಈಗ ಅವಳ ಹಿಡಿತದಲ್ಲಿರಲಿಲ್ಲ. “ಒಬ್ರ ಜೀವ ಹೋಗೈತಿ. ಒಬ್ಬಾಕಿ ಜೈಲಿನ್ಯಾಗ ಕುಂತಾಳ. ನೀವು ಇಲ್ಲಿ ನಿಂತು ಗಳಿಗಿಗೊಂದು ದುರ್ಬೀನು ಹುಟ್ಟಿಸಾಕತ್ತೀರಿ.”

“ಸಮಾಧಾನ ತಂಗಿ,” ಎಂದರು ಬಸಂತರಾಯ ಹಿಂದಿನಿಂದ. “ಕೋರ್ಟಿನ್ಯಾಗೂ ಹಿಂಗ ಕೇಳ್ತಾರ. ತೂತು ಅಂದ್ರ ಎಲ್ಲಾ ಕನ್ನಡಿ ದುರ್ಬೀನಿಗೂ ಇರತೈತಿ. ಇದ ಮಾಳಿಗಿ ಮ್ಯಾಲಿನ ದುರ್ಬೀನು ಅಂತ ಹೆಂಗ ಸಾಬೀತು ಮಾಡ್ತಿ?”

ಅವರು ಕೇಳಿದ್ದು ಒಳ್ಳೆಯದೇ ಆಯಿತೆಂದುಕೊಂಡಳು. ಆ ಪ್ರಶ್ನೆಗೆ ಉತ್ತರ ಅವಳ ಕೈಯಲ್ಲಿತ್ತು; ಅದು ಅವರಿಗೂ ಗೊತ್ತಿತ್ತು.

“ಸಾಹೇಬ್ರ, ಫೋಟೋ ಇನ್ನೊಮ್ಮೆ ನೋಡ್ರಿ. ಬಳಿ ಬಲಗಡೆ.”

ಬಿಳಿಯ ಬಳೆಯ ಬಲಭಾಗದಲ್ಲಿ ಅಡ್ಡಕ್ಕೆ ಮೂರು ಮಸುಕು ಗೀರುಗಳಿದ್ದವು. ಒಂದರ ಕೆಳಗೊಂದು, ಸಮಸಮ. ಮೂರು ಬೆರಳು ಎಳೆದಂತೆ.

“ಕಲ್ಮೇಶ, ಹೇಳಪಾ,” ಎಂದಳು. “ಶುಕ್ರವಾರ ನನಗ ಹೇಳಿದ್ದೆಲ್ಲ ಹೇಳು.”

ಕಲ್ಮೇಶ ಸಾಹೇಬರ ಬೂಟು ನೋಡುತ್ತ ಹೇಳಿದ. ಈ ವರ್ಷ ಖಂಡೇನವಮಿಯ ದಿನ ಕಾಲೇಜಿನ ಸಾಮಾನಿಗೆಲ್ಲ ಪೂಜೆ ಮಾಡುವುದು ಅವನ ಪಾಲಿಗೆ ಬಂದಿತ್ತು. ಟೈಪ್ ಯಂತ್ರ, ಗಂಟೆ, ಲ್ಯಾಬಿನ ತಕ್ಕಡಿ, ನೀರಿನ ಮೋಟರು, ಎಲ್ಲಕ್ಕೂ ವಿಭೂತಿ ಹಚ್ಚಿದ. ಕೊನೆಗೆ ಉಳಿದದ್ದು ದುರ್ಬೀನು.

“ಎತ್ತಿಗೆ ಹಣಿಗೆ ಹಚ್ತೇವಿ, ಮೋಟರಿಗೆ ಮುಂದ ಹಚ್ತೇವಿ. ಇದರ ಮುಖ ಎಲ್ಲೈತಿ ಅಂತ ತಿಳೀಲಿಲ್ರಿ. ಬಾಯಾಗ ಇಣಿಕಿ ನೋಡಿದ್ರ ತಳದಾಗ ನನ್ನ ಮಾರಿನ ಕಾಣ್ತು. ಇದ ಮುಖ ಅಂತ ತಿಳಕೊಂಡು, ತಳದ ಸ್ಕ್ರೂ ಬಿಚ್ಚಿ ತಗದು, ವಿಭೂತಿ ತೊಯಿಸಿ ಮೂರು ಬೆರಳಲೆ ಎಳದ್ನಿರಿ.”

ವಿಭೂತಿ ರಾತ್ರಿಯೆಲ್ಲ ಹಾಗೇ ಒಣಗಿತು. ಮರುದಿನ ಅದನ್ನು ತೆಗೆಯಲು ತೆಂಗಿನ ನಾರಿನಿಂದ ತಿಕ್ಕಿದ. ವಿಭೂತಿಯ ಜೊತೆಗೆ ಕನ್ನಡಿಯ ಲೇಪವೂ ಬಂತು. ಮೂರು ಗೀರು, ಹಿಂದಿನದು ಕಾಣುವ ಬರಿಯ ಗಾಜು. ರಜೆ ಮುಗಿದು ಬಂದ ರಾಚಪ್ಪ ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರಂತೆ. ಆಮೇಲೆ ನಕ್ಕರಂತೆ. ಇಷ್ಟು ಬೆಳಕು ಹೋದರೆ ಚಂದ್ರನಿಗೇನೂ ಕಡಿಮೆ ಆಗುವುದಿಲ್ಲ, ಆದರೆ ಯಾರ ಮುಂದೂ ಹೇಳಬೇಡ, ಆಡಳಿತದವರು ನಿನ್ನನ್ನು ಮನೆಗೆ ಕಳಿಸುತ್ತಾರೆ ಎಂದರಂತೆ. ಆ ಮಾತಿಗೆ ಬಂದಾಗ ಕಲ್ಮೇಶ ಕಣ್ಣೊರೆಸಿಕೊಂಡ.

“ಜಗತ್ತಿನ್ಯಾಗ ಈ ಗೀರು ಇರೂ ಕನ್ನಡಿ ಒಂದ ಐತ್ರಿ,” ಎಂದಳು ವಿಜಯಶ್ರೀ. “ಈ ರೀಲು ರಾಚಪ್ಪ ಮಾಸ್ತರದ್ದು. ಅವರು ಬಿದ್ದ ಮ್ಯಾಲೆ ಅವರ ಕ್ಯಾಮೆರಾ ಖಾಲಿ ಇತ್ತು, ನೀವ ಪಂಚನಾಮೆ ಮಾಡೀರಿ. ಆ ರೀಲು ಇವರ ಕೈಯಾಗ ಬರಬೇಕಾದ್ರ ಆ ರಾತ್ರಿ ಇವರು ಇಲ್ಲಿ ಇರಲೇಬೇಕು.”

ಅವಳು ಜಮಖಾನೆ ಎಳೆದು ಒಗೆದಳು. ದೊಡ್ಡ ಕೊಳವೆಯನ್ನು ಉಕ್ಕಿನ ಗುಂಡಿನ ಕಡೆಗೆ ತಿರುಗಿಸಿ, ಫೋಕಸ್ ತಪ್ಪಿಸಿ, ಸರಿದು ನಿಂತಳು. ಸಂಜೀವಕುಮಾರನ ಮುಖ ನೋಡುತ್ತಿದ್ದಳು. ಅವನು ಹೆದರಬೇಕಿತ್ತು. ಅವನು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದ, ಬಿಸಿಲಿಗೆ ಒರೆಸಿಕೊಳ್ಳುವವನಂತೆ.

ಅಬ್ದುಲಗನಿ ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ.

“ಬಳಿ ಐತಿ,” ಎಂದರು. “ತೂತು ಐತಿ. ಗೀರು ಇಲ್ಲಲ್ರಿ.”

ವಿಜಯಶ್ರೀ ಅವರನ್ನು ಹೆಚ್ಚುಕಡಿಮೆ ನೂಕಿಯೇ ಬಗ್ಗಿದಳು.

ಬಿಳಿಯ ಬಳೆ. ನಡುವೆ ಕರಿಯ ತೂತು. ಎಡಕ್ಕೂ ಬಲಕ್ಕೂ ಒಂದು ಮಚ್ಚೆ ಕೂಡ ಇಲ್ಲ, ತೊಳೆದಿಟ್ಟ ತಟ್ಟೆಯಂತೆ ಸ್ವಚ್ಛ.

ಹಿಂದೆ ಸಂಜೀವಕುಮಾರ ನಕ್ಕ. ಜೋರಾಗಿ ಅಲ್ಲ.

ಅವಳು ಮೊಣಕಾಲೂರಿ ಕೂತು ಕೊಳವೆಯ ತಳ ನೋಡಿದಳು. ಮೂರು ಸ್ಕ್ರೂಗಳ ತಲೆಯ ಮೇಲೂ ಹೊಸ ಗೆರೆಗಳು ಥಳಗುಟ್ಟುತ್ತಿದ್ದವು. ಯಾರನ್ನೂ ಕೇಳದೆ ಸ್ಕ್ರೂ ಬಿಚ್ಚಿ ಕನ್ನಡಿಯನ್ನು ಹೊರಗೆ ತೆಗೆದಳು. ಬೆನ್ನ ಮೇಲೆ ನೀಲಿ ಪೆನ್ಸಿಲಿನಲ್ಲಿ ರಾಚಪ್ಪನವರ ದುಂಡು ಅಕ್ಷರ: ಪ್ರಜ್ಞಾ.

ಅಲಮಾರದಲ್ಲಿದ್ದ ಎರಡನೆಯ ಕನ್ನಡಿ. ಹುಡುಗಿ ಆರಿಸಿಕೊಂಡರೆ ಕೊಡುತ್ತೇನೆಂದು ಮಾಸ್ತರರು ಎತ್ತಿಟ್ಟದ್ದು. ಅವಳು ಆರಿಸುವ ಮೊದಲೇ ಯಾರೋ ಅದನ್ನು ತೆಗೆದು ಅವಳ ವಿರುದ್ಧವೇ ಇಲ್ಲಿ ಕೂರಿಸಿದ್ದರು. ವಿಜಯಶ್ರೀಗೆ ಆ ಕನ್ನಡಿಯನ್ನು ಸಂಜೀವಕುಮಾರನ ತಲೆಗೆ ಎತ್ತಿಹಾಕಬೇಕೆನಿಸಿತು. ಎರಡು ಕೈಯಿಂದ ಅದನ್ನು ಎದೆಗೆ ಅವಚಿ ಹಿಡಿದಳು.

ಅಬ್ದುಲಗನಿ ಬೆನ್ನಿನ ಹೆಸರು ಓದಿದರು, ಸ್ಕ್ರೂ ನೋಡಿದರು. ಕನ್ನಡಿ ಬದಲಾಗಿದೆ ಎಂಬುದನ್ನು ನಾನು ನಂಬುತ್ತೇನೆ, ಆದರೆ ಗೀರಿನ ಕನ್ನಡಿ ಸಿಗುವವರೆಗೆ ಕೋರ್ಟಿಗೆ ಅದು ಒಬ್ಬ ಜವಾನನ ಬಾಯಿಮಾತು, ಎಂದರು. ಕನ್ನಡಿಯನ್ನು ಅವಳ ಕೈಯಿಂದ ಮೆಲ್ಲಗೆ ಬಿಡಿಸಿ ಬಟ್ಟೆಯಲ್ಲಿ ಕಟ್ಟಿಕೊಂಡರು. ಇನ್ನು ಉಳಿದದ್ದು ಆ ನೆಗೆಟಿವ್ ಒಂದೇ ಎಂದು ಎಚ್ಚರಿಸಿ, ಅದರ ಇನ್ನೊಂದು ಪ್ರಿಂಟು ಹಾಕಿ ಸಂಜೆಯೊಳಗೆ ಎರಡನ್ನೂ ಠಾಣೆಗೆ ತಲುಪಿಸಲು ಹೇಳಿದರು. ಸಂಜೀವಕುಮಾರನಿಗೆ ಮುಂದೆ ನಡೆಯಲು ಹೇಳಿ, ಹೊಸ ಹೇಳಿಕೆ ಬರೆಸಿಕೊಳ್ಳಲು ಕೆಳಗೆ ಕರೆದುಕೊಂಡು ಹೋದರು.

“ಯಾರಿಗೆ ಹೇಳಿದಿ ಕಲ್ಮೇಶ?” ವಿಜಯಶ್ರೀ ಹಲ್ಲು ಕಚ್ಚಿ ಕೇಳಿದಳು.

“ನನ್ನ ಮಕ್ಕಳಾಣಿ ಅಕ್ಕಾರ, ಹೆಂಡತಿಗೂ ಹೇಳಿಲ್ಲ. ಹೇಳಿದ್ರ ನನ್ನ ನೌಕರಿನ ಹೋಗೂದಲ್ರಿ. ನನ್ನ ಕೀಲಿ ನನ್ನ ಉಡದಾರದಾಗ ಐತಿ. ಇನ್ನೊಂದು ಕೀಲಿ ಅಧ್ಯಕ್ಷರ ಮನ್ಯಾಗ.”

ಅದು ನಿಜ. ಕೀಲಿ ಸಂಜೀವಕುಮಾರನಿಗೆ ಮೊದಲಿನಿಂದಲೂ ಇತ್ತು. ಹತ್ತು ದಿನ ಅವನು ಆ ಕನ್ನಡಿಯನ್ನು ಮುಟ್ಟಿರಲಿಲ್ಲ. ಗೀರಿನ ಸಂಗತಿ ಗೊತ್ತಿದ್ದರೆ ಆ ನೆಗೆಟಿವ್ ಕೊಡುತ್ತಲೇ ಇರಲಿಲ್ಲ. ಅಂದರೆ ಅವನಿಗೆ ಗೊತ್ತಾದದ್ದು ನೆಗೆಟಿವ್ ಕೊಟ್ಟ ಮೇಲೆ, ಶುಕ್ರವಾರ ಕಲ್ಮೇಶ ಬಾಯಿಬಿಟ್ಟ ನಂತರ.

ಗೀರಿನ ಸಂಗತಿ ತಿಳಿದವರು ರಾಚಪ್ಪ, ಕಲ್ಮೇಶ ಮತ್ತು ಅವಳು. ರಾಚಪ್ಪ ಇಲ್ಲ. ಅವಳು ಸಾಹೇಬರಿಗೂ ಹೇಳಿರಲಿಲ್ಲ, ಬರಿಯ ಮಾಳಿಗೆಗೆ ಬನ್ನಿ ಎಂದಿದ್ದಳು. ಮಾತನ್ನು ಹತ್ತು ಸಲ ಅಳೆದು ಆಡುವವಳು ಅವಳು. ಒಬ್ಬರ ಮುಂದೆ ಮಾತ್ರ ಅಳೆದಿರಲಿಲ್ಲ. ನಿನ್ನೆ ಸಂಜೆ ಸ್ಟುಡಿಯೋದಲ್ಲಿ, ಚಹಾ ಕುಡಿಯುತ್ತ, ನಾಳಿನ ಕೋರ್ಟಿಗೆ ತಯಾರಿ ಆಗಲಿ ಎಂದು, ಮೊದಲಿನಿಂದ ಕೊನೆಯವರೆಗೆ ಹೇಳಿಬಿಟ್ಟಿದ್ದಳು.

ಅವಳು ನಿಧಾನವಾಗಿ ತಿರುಗಿದಳು.

ಬಸಂತರಾಯ ಕಾಕಾ ಅವಳ ಪಕ್ಕಕ್ಕೇ ಬಂದು ನಿಂತಿದ್ದರು. ಮುಖದಲ್ಲಿ ಅದೇ ಕಕ್ಕುಲತೆ. ತಂದೆ ಸತ್ತ ದಿನ ಅವಳ ತಲೆ ನೇವರಿಸಿದ ಕೈಯನ್ನು ಮುಂದೆ ಚಾಚಿದ್ದರು.

“ನೀ ಭಾಳ ದಣದಿ ತಂಗಿ. ಆ ನೆಗೆಟಿವ್ ಇತ್ತ ಕೊಡು. ಹೆಂಗಿದ್ರೂ ಠಾಣೇಕ ಹೊಂಟೇನಿ, ಮುಟ್ಟಿಸ್ತೇನಿ.”

ಅವಳ ಕೈ ಚೀಲದೊಳಗೆ ಹೋಗಿ ನೆಗೆಟಿವಿನ ಲಕೋಟೆಯನ್ನು ಬಿಗಿಯಾಗಿ ಹಿಡಿಯಿತು.

ಬಾಗಿಲಲ್ಲಿ ಕೂತಿದ್ದ ಗುಂಡವ್ವ ಬುತ್ತಿಗಂಟು ಹಿಡಿದುಕೊಂಡು ಎದ್ದಳು. ಬೆಳಗಿನಿಂದ ಒಂದು ಮಾತೂ ಆಡದವಳು ಈಗ ಹತ್ತಿರ ಬಂದು ವಿಜಯಶ್ರೀಯ ಮೊಣಕೈ ಮುಟ್ಟಿದಳು.

“ಕೊಡವ್ವಾ,” ಎಂದಳು. “ವಕೀಲರ ಹಂತೇಕ ಇರಲಿ. ನಮ್ಮ ಕಡಿಂದ ನಿಂತಾವ್ರು ಅವರೊಬ್ರ ಅದಾರ.”